ಮೆಕ್ಕೆಜೋಳದ ನಡುವಿನ ಊರಲ್ಲಿ ಮನೆ ಕೊಳ್ಳಬಹುದೇ?

ಅಮೆರಿಕಕ್ಕೆ ಕೆಲಸ ಹಿಡಿದು ಹೋದ ಕನ್ನಡಿಗರೆಲ್ಲ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇಲ್ಲ. ಮಿಡ್‌ವೆಸ್ಟ್‌ನ ಸಣ್ಣ ಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಬಹಳ ಮಂದಿ. ಇಲಿನಾಯ್ ರಾಜ್ಯದ ನಡುಭಾಗದಲ್ಲಿರುವ ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಒಂದಕ್ಕೊಂದು ಅಂಟಿಕೊಂಡ ಅವಳಿ ಊರುಗಳು. 2020ರ ಜನಗಣತಿಯಂತೆ ಎರಡರಲ್ಲೂ ಸೇರಿ ಸುಮಾರು 1 ಲಕ್ಷ 31 ಸಾವಿರ ಜನ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ಶಿಕಾಗೋ ಇಲ್ಲಿಂದ ಸುಮಾರು 210 ಕಿಲೋಮೀಟರ್. ವೀಸಾದ ಮೇಲೆ ಬಂದ ಕುಟುಂಬವೊಂದು ಇಂಥ ಊರಿನಲ್ಲಿ ಮನೆ ಕೊಂಡು ನೆಲೆ ನಿಲ್ಲಬಹುದೇ? ಅಲ್ಲಿ ಬದುಕಿ ಬಲ್ಲ ಇಬ್ಬರು ಇಲ್ಲಿ ವಾದಿಸಿದ್ದಾರೆ. ಮೊದಲನೆಯವರು ಈಗಲೂ ಅಲ್ಲೇ ಇದ್ದಾರೆ, ಎರಡನೆಯವರು ಬಿಟ್ಟು ಬಂದಿದ್ದಾರೆ.

ಪರ: ಇಲ್ಲಿ ಸಂಜೆ ನಮ್ಮದು

ಈ ಊರು ನನಗೆ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಹೊತ್ತು. ಊರಿನ ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷ ಸಾಕು. ಶಿಕಾಗೋದ ಹೊರವಲಯದಲ್ಲಿರುವ ನನ್ನ ಗೆಳತಿಯರು ಆಫೀಸಿಗೆ ಹೋಗಿಬರುವುದರಲ್ಲೇ ದಿನಕ್ಕೆ ಎರಡು ಗಂಟೆ ಕಳೆಯುತ್ತಾರೆ. ಆ ಎರಡು ಗಂಟೆ ನನ್ನ ಮಕ್ಕಳಿಗೆ ಸಿಕ್ಕಿದೆ. ಜೂನ್ ತಿಂಗಳಲ್ಲಿ ಆಫೀಸಿನಿಂದ ಬಂದು, ಸಾರು ಕುದಿಸಿಟ್ಟು, ಮಕ್ಕಳೊಡನೆ ಕಾನ್‌ಸ್ಟಿಟ್ಯೂಷನ್ ಟ್ರೇಲ್‌ನಲ್ಲಿ ಸೈಕಲ್ ತುಳಿದು ಬಂದರೂ ಇನ್ನೂ ಬೆಳಕಿರುತ್ತದೆ. ರೈಲು ನಿಂತುಹೋದ ಹಳಿಯ ದಾರಿಯನ್ನು 1989ರಿಂದ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟಿದ್ದಾರೆ. ಅದು ಊರಿನ ಹಿತ್ತಲುಗಳ ನಡುವೆಯೇ ಹಾದುಹೋಗುತ್ತದೆ, ಹಾಗಾಗಿ ಕಾರುಗಳ ಭಯವಿಲ್ಲದೆ ಮಕ್ಕಳು ತಾವಾಗಿಯೇ ಹೋಗಿ ಬರುತ್ತಾರೆ.

ಸಣ್ಣ ಊರೆಂದರೆ ಓದು, ನಾಟಕ, ಸಂಗೀತ ಏನೂ ಇರದ ಕಡೆ ಎಂದು ಬೆಂಗಳೂರಿನ ನೆಂಟರು ಅಂದುಕೊಂಡಿರುತ್ತಾರೆ. ಇಲ್ಲಿ ಎರಡು ವಿಶ್ವವಿದ್ಯಾಲಯಗಳಿವೆ. ಇಲಿನಾಯ್ ವೆಸ್ಲಿಯನ್ 1850ರದು, ಇಲಿನಾಯ್ ಸ್ಟೇಟ್ 1857ರದು. 1978ರಿಂದ ಬೇಸಿಗೆಯಲ್ಲಿ ಬಯಲು ರಂಗದಲ್ಲಿ ಷೇಕ್ಸ್‌ಪಿಯರ್ ನಾಟಕೋತ್ಸವ ನಡೆಯುತ್ತದೆ. ನಾರ್ಮಲ್‌ನ ನಡುವೂರಿನಲ್ಲಿ 2010ರಲ್ಲಿ ಒಂದು ವೃತ್ತ ಕಟ್ಟಿದರು. ಬೀದಿಯಲ್ಲಿ ಹರಿದುಹೋಗುವ ಮಳೆನೀರನ್ನು ಹಿಡಿದು, ಸೋಸಿ, ಆ ವೃತ್ತದ ತೊರೆಯಲ್ಲಿ ಹರಿಸುತ್ತಾರೆ. ಜನ ಅದರ ಅಂಚಿನಲ್ಲಿ ಕೂತು ಊಟ ಮಾಡುತ್ತಾರೆ. ಎದುರಿಗೇ ರೈಲು ನಿಲ್ದಾಣ. ಶಿಕಾಗೋಗೆ ಎರಡು ಗಂಟೆಗೆ ತುಸು ಹೆಚ್ಚು, ಕಾರಿನ ಗೊಡವೆಯಿಲ್ಲ. ದೊಡ್ಡ ನಗರ ಬೇಕೆನಿಸಿದ ದಿನ ಹೋಗಿ ಬರುತ್ತೇವೆ.

ಇಲ್ಲಿ ಕನ್ನಡದ ಮನೆಗಳು ಹೆಚ್ಚಿಲ್ಲ. ಅದಕ್ಕೇ ಪ್ರತಿಯೊಬ್ಬರೂ ಬೇಕಾಗುತ್ತಾರೆ. ರಾಜ್ಯೋತ್ಸವಕ್ಕೆ ಹಾಡಲು ಬರುವವರು ಹಾಡುತ್ತಾರೆ, ಬಾರದವರು ಕುರ್ಚಿ ಜೋಡಿಸುತ್ತಾರೆ, ಬಿಸಿಬೇಳೆಬಾತ್ ಪಾತ್ರೆ ಹೊರುತ್ತಾರೆ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಗಳಿಗೂ ನಾವು ಹೋಗುತ್ತೇವೆ, ಅದರ ವೈಭವವೇ ಬೇರೆ. ಆದರೆ ಅಲ್ಲಿ ನನ್ನ ಮಗಳು ನೂರಾರು ಮಕ್ಕಳಲ್ಲಿ ಒಬ್ಬಳು. ಇಲ್ಲಿ ಅವಳು ಬರದಿದ್ದರೆ ನಾಟಕವೇ ನಿಲ್ಲುತ್ತದೆ, ಹಾಗಾಗಿ ಅವಳು ಮಾತು ಕಲಿತೇ ತೀರುತ್ತಾಳೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಮೊದಲು ಬೇಸಾಯ ಮಾಡುತ್ತಿದ್ದವರು. ಹಿಮ ಬಿದ್ದ ಬೆಳಗ್ಗೆ ತಮ್ಮ ಯಂತ್ರದಿಂದ ತಮ್ಮ ಅಂಗಳ ತೆರವು ಮಾಡಿದವರು ಹಾಗೇ ಮುಂದುವರಿದು ನಮ್ಮದನ್ನೂ ಮಾಡಿಬಿಡುತ್ತಾರೆ. ನಾನು ಸಂಕ್ರಾಂತಿಗೆ ಎಳ್ಳು ಬೀರುವ ಮನೆಗಳಲ್ಲಿ ಅವರದೂ ಒಂದು. ಚಳಿ ಕಠಿಣವೇ, ನಿಜ. ನಾಲ್ಕು ತಿಂಗಳು ಸಹಿಸಬೇಕು.

ಇನ್ನು ಕೆಲಸದ ಮಾತು. ಜಾರ್ಜ್ ಮೆಕರ್ಲ್ ಎಂಬ ರೈತ 1922ರಲ್ಲಿ ರೈತರ ಕಾರುಗಳಿಗೆ ವಿಮೆ ಮಾಡಿಸಲು ಇಲ್ಲಿ ಶುರುಮಾಡಿದ ಸ್ಟೇಟ್ ಫಾರ್ಮ್ ಇಂದಿಗೂ ಇಲ್ಲೇ ಇದೆ. ನೂರು ವರ್ಷ ದಾಟಿದ ಕಂಪನಿ ಅದು. 1988ರಲ್ಲಿ ತೆರೆದ ಮಿತ್ಸುಬಿಷಿ ಕಾರು ಕಾರ್ಖಾನೆ 2015ರಲ್ಲಿ ಮುಚ್ಚಿದಾಗ ಊರು ಮುಗಿಯಿತು ಎಂದವರಿದ್ದರು. 2017ರಲ್ಲಿ ಅದೇ ಕಾರ್ಖಾನೆಯನ್ನು ರಿವಿಯನ್ ಎಂಬ ಕಂಪನಿ ಕೊಂಡಿತು, 2021ರಲ್ಲಿ ಅಲ್ಲಿಂದ ಬ್ಯಾಟರಿ ಟ್ರಕ್ಕುಗಳು ಹೊರಬಂದವು. ಹಾಗಾಗಿ ಮನೆ ಬೆಲೆ ಏರಿದೆ. ಆದರೂ ಶಿಕಾಗೋದ ಒಳ್ಳೆಯ ಶಾಲೆಗಳಿರುವ ಬಡಾವಣೆಗಳಿಗೆ ಹೋಲಿಸಿದರೆ, ಒಬ್ಬರ ಸಂಬಳದಲ್ಲೂ ಇಲ್ಲಿ ಹಿತ್ತಲಿರುವ ಮನೆ ಮಾಡಿಕೊಳ್ಳಬಹುದು.

ಒಂದು ಊರು ನಮ್ಮದಾಗುವುದು ಅದರ ಕಷ್ಟದಲ್ಲಿ ಕೈ ಜೋಡಿಸಿದಾಗ. ನಮ್ಮ ಯೂನಿಟ್ ಫೈವ್ ಶಾಲಾ ಜಿಲ್ಲೆಗೆ ಹಣ ಸಾಲದೆ ಹೋಯಿತು. ತೆರಿಗೆ ಏರಿಸುವ ಪ್ರಸ್ತಾವವನ್ನು ಮತದಾರರು 2022ರ ನವೆಂಬರಿನಲ್ಲಿ ತಳ್ಳಿಹಾಕಿದರು. ಮಕ್ಕಳ ಆಟೋಟ, ಸಂಗೀತ ಎಲ್ಲದಕ್ಕೂ ಕತ್ತರಿ ಬೀಳುವುದರಲ್ಲಿತ್ತು. ಆ ಚಳಿಗಾಲ ತಾಯಂದಿರು, ಮೇಷ್ಟ್ರುಗಳು ಮನೆಮನೆಯ ಬಾಗಿಲು ತಟ್ಟಿದರು. ನಾನೂ ತಟ್ಟಿದೆ. ಮರುವರ್ಷ ಏಪ್ರಿಲಿನಲ್ಲಿ ಪ್ರಸ್ತಾವ ಗೆದ್ದಿತು. ಶಿಕಾಗೋದಲ್ಲಿ ಇದ್ದಿದ್ದರೆ ನಾನು ಮನೆಯಲ್ಲೇ ಕೂತು ಸುದ್ದಿ ಓದುತ್ತಿದ್ದೆ.

ವಿರೋಧ: ಒಂದೇ ಕಂಬದ ಮನೆ

ಅಕ್ಕ ಬರೆದದ್ದೆಲ್ಲ ನಿಜ. ಆ ಟ್ರೇಲ್‌ನಲ್ಲಿ ನಾನೂ ಸಂಜೆಗಳನ್ನು ಕಳೆದಿದ್ದೇನೆ, ಅವರ ಮನೆಯ ಎಳ್ಳುಬೆಲ್ಲ ನಮಗೂ ಬಂದಿದೆ. ಆದರೆ ಅಕ್ಕನ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ. ಈಗ ಬರುತ್ತಿರುವ ಹುಡುಗರ ಕೈಯಲ್ಲಿರುವುದು ಎಚ್-1ಬಿ ಎಂಬ ಕೆಲಸದ ವೀಸಾ. ಈ ಪ್ರಶ್ನೆಯನ್ನು ಅವರ ಕಡೆಯಿಂದ ನೋಡಬೇಕು.

ಎಚ್-1ಬಿಯವರ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು, ಇಲ್ಲವೇ ಬೇರೆ ವೀಸಾದ ದಾರಿ ಹುಡುಕಬೇಕು. ಡಲ್ಲಾಸ್‌ನಲ್ಲೋ ಶಿಕಾಗೋದಲ್ಲೋ ಇದ್ದವರು ಅದೇ ಮನೆಯಲ್ಲಿ ಇದ್ದುಕೊಂಡು, ಮಗುವಿನ ಶಾಲೆ ಬಿಡಿಸದೆ, ಹತ್ತಾರು ಕಂಪನಿಗಳ ಬಾಗಿಲು ತಟ್ಟಬಹುದು. ಬ್ಲೂಮಿಂಗ್ಟನ್‌ನಲ್ಲಿ ತಟ್ಟಲು ಬಾಗಿಲು ಎಷ್ಟಿವೆ? ನಮ್ಮವರಲ್ಲಿ ಹೆಚ್ಚಿನವರು ಯಾವುದೋ ಐಟಿ ಕಂಪನಿಯ ಲೆಕ್ಕದಲ್ಲಿ ಬಂದು ಕಾಂಟ್ರ್ಯಾಕ್ಟ್ ಕೆಲಸ ಮಾಡುವವರು. ಪ್ರಾಜೆಕ್ಟ್ ಮುಗಿದರೆ ಊರೂ ಮುಗಿಯಿತು. ಅಕ್ಕ ಹೆಮ್ಮೆಯಿಂದ ಹೇಳಿದ ಸ್ಟೇಟ್ ಫಾರ್ಮ್ ಕೂಡ ಕಳೆದ ದಶಕದಲ್ಲಿ ಡಲ್ಲಾಸ್, ಫೀನಿಕ್ಸ್, ಅಟ್ಲಾಂಟಾಗಳ ಬಳಿ ದೊಡ್ಡ ಕಚೇರಿಗಳನ್ನು ಕಟ್ಟಿತು. ಮುಖ್ಯ ಕಚೇರಿ ಇಲ್ಲೇ ಉಳಿದರೂ ಕೆಲಸಗಳು ಹಂಚಿಹೋದವು.

ಮಿತ್ಸುಬಿಷಿಯ ಕಥೆಯಿಂದ ಅಕ್ಕ ಧೈರ್ಯ ತಂದುಕೊಳ್ಳುತ್ತಾರೆ. ನನಗೆ ಅದರಲ್ಲಿ ಕಾಣುವುದು ನಡುವಿನ ಖಾಲಿ ವರ್ಷಗಳು. ಕಾರ್ಖಾನೆ ಮುಚ್ಚಿದ್ದು 2015ರಲ್ಲಿ, ಮೊದಲ ಟ್ರಕ್ ಹೊರಬಿದ್ದದ್ದು 2021ರಲ್ಲಿ. ಊರಿಗೆ ಆರು ವರ್ಷ ಕಾಯುವ ಶಕ್ತಿಯಿತ್ತು. ಕೆಲಸ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಜನರಲ್ಲಿ ಎಷ್ಟು ಮಂದಿ ಕಾದು ಕೂತಿರಬಹುದು? 60 ದಿನದ ಮನುಷ್ಯ ಕಾಯುವ ಮಾತೇ ಇಲ್ಲ.

ಶಾಲೆಯ ಮತದಾನದ ವಿಷಯ ಓದಿದಾಗ ನನಗೆ ನಿಜವಾಗಿಯೂ ನೋವಾಯಿತು. ನಾನೂ ಆ ಊರಿನಲ್ಲಿ ಮನೆ ಕೊಂಡಿದ್ದವನು. ಇಲಿನಾಯ್‌ನ ಆಸ್ತಿ ತೆರಿಗೆ ಇಡೀ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅದರ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಅಷ್ಟು ಕಟ್ಟಿಯೂ ಆ ಪ್ರಸ್ತಾವಕ್ಕೆ ನನ್ನ ಒಂದು ಮತ ಇರಲಿಲ್ಲ. ಮತ ಬೇಕಾದರೆ ಪೌರತ್ವ ಬೇಕು, ಅದಕ್ಕೆ ಮೊದಲು ಗ್ರೀನ್ ಕಾರ್ಡ್ ಬೇಕು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 7 ಮಾತ್ರ. ಹಾಗಾಗಿ ಭಾರತೀಯರ ಸಾಲು ಹತ್ತು ವರ್ಷ ದಾಟಿಯೂ ಕರಗುವುದಿಲ್ಲ. ಕಾಯುತ್ತಾ ಇರುವಾಗಲೇ ಭಾರತದಲ್ಲಿ ಹುಟ್ಟಿದ ಮಗು 21 ತುಂಬಿ, ಅಪ್ಪನ ಅರ್ಜಿಯಿಂದ ಹೊರಬೀಳುತ್ತದೆ. ಊರಿನ ಕಷ್ಟಕ್ಕೆ ಕೈ ಜೋಡಿಸಿದರೆ ಊರು ನಮ್ಮದಾಗುತ್ತದೆ ಎನ್ನುತ್ತಾರೆ ಅಕ್ಕ. ನಾನು ಕೈ ಜೋಡಿಸಿದ್ದೆ. ಕಾನೂನಿನ ಕಣ್ಣಲ್ಲಿ ಕೊನೆಯವರೆಗೂ ಬಿಡಾರದವನಾಗಿಯೇ ಉಳಿದೆ.

ಇನ್ನೊಬ್ಬರ ಮಾತು ಇಂಥ ಲೆಕ್ಕಗಳಲ್ಲಿ ಬರುವುದೇ ಇಲ್ಲ, ಹೆಂಡತಿಯದು. ನನ್ನಾಕೆ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುತ್ತಿದ್ದಳು. ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4 ವೀಸಾದವರು ಕೆಲಸ ಮಾಡಬಹುದು ಎಂಬ ನಿಯಮ ಬಂದದ್ದು 2015ರಲ್ಲಿ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಆ ಅನುಮತಿ ಕೈಗೆ ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದೆವು. ಆಮೇಲೆ ನೋಡಿದರೆ, ವಿಮೆ ಮತ್ತು ಕಾರು ಕಾರ್ಖಾನೆಯ ಆ ಊರಿನಲ್ಲಿ ಅವಳ ವಿದ್ಯೆಗೆ ತಕ್ಕ ಕೆಲಸವೇ ಇಲ್ಲ. ಒಬ್ಬರ ಸಂಬಳದಲ್ಲೂ ಮನೆ ನಡೆಯುತ್ತದೆ ಎಂದು ಅಕ್ಕ ಹೊಗಳುತ್ತಾರೆ. ಹಾಗೆ ನಡೆಸಿದ ಮನೆಯಲ್ಲಿ ಇನ್ನೊಬ್ಬರ ವಿದ್ಯೆ ತುಕ್ಕು ಹಿಡಿಯುತ್ತಿತ್ತು. ನಾವು ಊರು ಬಿಡಲು ನಿಜವಾದ ಕಾರಣ ಇದೇ.

ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದು ಇದ್ದರು. ಮೊದಲ ಹದಿನೈದು ದಿನ ಹೊಸತನದಲ್ಲಿ ಕಳೆಯಿತು. ಆಮೇಲೆ ಅಪ್ಪನಿಗೆ ಕಾಫಿಗೆ ಹೋಗಲು ಜಾಗವಿಲ್ಲ, ಕಾರಿಲ್ಲದೆ ತರಕಾರಿಗೂ ಹೋಗುವಂತಿಲ್ಲ, ಹಗಲು ಹೊತ್ತಿನಲ್ಲಿ ಕನ್ನಡ ಮಾತಾಡುವವರು ಸಿಗುವುದಿಲ್ಲ. ಊರಲ್ಲಿ ದೇವಸ್ಥಾನವಿದೆ, ಆದರೆ ನಾವು ಕರೆದುಕೊಂಡು ಹೋಗಬೇಕು. ಈಗ ಶಿಕಾಗೋ ಬಳಿಯ ಅರೋರಾದ ಬಾಲಾಜಿ ದೇವಸ್ಥಾನದ ಹತ್ತಿರ ಇದ್ದೇವೆ. ಪಕ್ಕದ ಬೀದಿಯ ಹಿರಿಯರ ಜೊತೆ ಅಪ್ಪ ತಾವೇ ನಡೆದು ಹೊರಡುತ್ತಾರೆ. ಚಳಿಯನ್ನು ಅಕ್ಕ ಒಂದು ಸಾಲಿನಲ್ಲಿ ದಾಟಿಸಿದರು. 2019ರ ಜನವರಿಯಲ್ಲಿ ಇಲಿನಾಯ್‌ನ ಮೌಂಟ್ ಕ್ಯಾರೊಲ್‌ನಲ್ಲಿ ಸೊನ್ನೆಗಿಂತ 39 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು, ಅದು ರಾಜ್ಯದ ದಾಖಲೆ. ಚಳಿ ಶಿಕಾಗೋದಲ್ಲೂ ಅಷ್ಟೇ. ಆದರೆ ಮಗುವಿನ ವಿಶೇಷ ಚಿಕಿತ್ಸೆಗೆ ಹಿಮದ ಹೆದ್ದಾರಿಯಲ್ಲಿ 65 ಕಿಲೋಮೀಟರ್ ದೂರದ ಪಿಯೋರಿಯಾಕ್ಕೆ ಹೊರಟ ದಿನ ಆ ಊರು ಎಷ್ಟು ಸಣ್ಣದೆಂದು ಗೊತ್ತಾಗುತ್ತದೆ.

ಗ್ರೀನ್ ಕಾರ್ಡ್ ಬಂದಿದ್ದರೆ, ಇಬ್ಬರಿಗೂ ಅಲ್ಲೇ ಕೆಲಸ ಸಿಕ್ಕಿದ್ದರೆ, ಅಕ್ಕನ ಬೀದಿಯಲ್ಲೇ ನಾವೂ ಉಳಿಯುತ್ತಿದ್ದೆವು. ಸಾಲಿನಲ್ಲಿ ಕಾಯುತ್ತಿರುವವರಿಗೆ ನಾನು ಹೇಳುವುದು ಇಷ್ಟು: ಹೋಗಿ, ಆದರೆ ಬಾಡಿಗೆಗೆ ಇರಿ. ರಿವಿಯನ್ ಬಂದ ಮೇಲೆ ಬಾಡಿಗೆ ಮನೆ ಸಿಗುವುದೂ ಕಷ್ಟ, ಬಾಡಿಗೆಯೂ ಏರಿದೆ. ಆದರೂ ಡೌನ್ ಪೇಮೆಂಟಿನ ಹಣ ಬ್ಯಾಂಕಿನಲ್ಲೇ ಇದ್ದರೆ ಅರವತ್ತು ದಿನ ತಲೆ ಕೆಡಿಸಿಕೊಳ್ಳದೆ ಕೆಲಸ ಹುಡುಕಬಹುದು. ಕರಾರು ಮುರಿಯಲು ಒಂದೆರಡು ತಿಂಗಳ ಬಾಡಿಗೆ ಕಟ್ಟುವುದು, ಜನವರಿಯ ಹಿಮದಲ್ಲಿ ಮನೆಗೆ ಗಿರಾಕಿ ಹುಡುಕುವುದಕ್ಕಿಂತ ಎಷ್ಟೋ ಹಗುರ.