ಸೈಟು ಮಾರುವ ಮುನ್ನ ಮೂರು ಪ್ರಶ್ನೆ

ಕಳೆದ ತಿಂಗಳು ನಮ್ಮ ಕಚೇರಿಗೆ ಗಿರಣಿ ಕಾರ್ಮಿಕರೊಬ್ಬರ ಮಗ ಬಂದಿದ್ದ. ತಂದೆಗೆ ಬಾಯಿಯ ಕ್ಯಾನ್ಸರ್. ಆಪರೇಷನ್ ಆಗಿ, ಕರೆಂಟು ಕೊಟ್ಟು ಮುಗಿದ ಮೇಲೂ ಗಡ್ಡೆ ಮರಳಿ ಬಂದಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಇಮ್ಯುನೊಥೆರಪಿ ಎಂಬ ಹೊಸ ಚುಚ್ಚುಮದ್ದು ಬರೆದುಕೊಟ್ಟಿದ್ದಾರೆ. "ಇರುವ ಒಂದು ಸೈಟು ಮಾರಿದರೆ ನಾಲ್ಕೈದು ಸಲಕ್ಕೆ ಆಗುತ್ತದೆ. ಮಾರಲಾ ಮೇಷ್ಟ್ರೇ?" ಎಂದು ಕೇಳಿದ. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ದುಡಿಯುವ ಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ರಕ್ತದಲ್ಲಿ ಟಿ ಕಣಗಳೆಂಬ ಕಾವಲುಗಾರರಿದ್ದಾರೆ. ಕ್ಯಾನ್ಸರ್ ಕಣವನ್ನು ಗುರುತಿಸಿ ಕೊಲ್ಲಬಲ್ಲ ಶಕ್ತಿ ಇವಕ್ಕಿದೆ. ಆದರೆ ಈ ಕಣಗಳಿಗೆ ಬ್ರೇಕೂ ಉಂಟು. ಗಡ್ಡೆ ಆ ಬ್ರೇಕನ್ನು ಒತ್ತಿ ಹಿಡಿದು ಕಾವಲುಗಾರರನ್ನು ನಿಲ್ಲಿಸಿಬಿಡುತ್ತದೆ. ಹೊಸ ಚುಚ್ಚುಮದ್ದು ಬ್ರೇಕಿನ ಮೇಲಿನ ಆ ಹಿಡಿತವನ್ನು ಬಿಡಿಸುತ್ತದೆ. ಇದಕ್ಕೆ ದಾರಿ ತೋರಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಇದು ನಿಜವಾದ ವಿಜ್ಞಾನ, ಕಣ್ಕಟ್ಟಲ್ಲ.

ಆದರೆ ಎಲ್ಲರಿಗೂ ಫಲ ಸಿಗುತ್ತದೆಯೇ? 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಮರುಕಳಿಸಿದವರಿಗೆ ನಿವೊಲುಮ್ಯಾಬ್ ಎಂಬ ಈ ಬಗೆಯ ಔಷಧ ಕೊಟ್ಟಾಗ ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 13 ಮಂದಿಯಲ್ಲಿ. ಹಳೆಯ ಔಷಧಗಳಿಗಿಂತ ಇದು ಮೇಲೇ ಹೌದು. ಉಳಿದವರಿಗೇಕೆ ಆಗಲಿಲ್ಲ?

ಉತ್ತರ ಗಡ್ಡೆಯ ಸುತ್ತಮುತ್ತಲ ನೆರೆಯಲ್ಲಿದೆ. ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ, ಕ್ಯಾನ್ಸರೂ ಹಾಗೆಯೇ ಎಂದು ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು. ಔಷಧಕ್ಕೂ ಈ ಮಾತು ಸಲ್ಲುತ್ತದೆಂದು ಇಂದು ತಿಳಿದಿದೆ. ಕೆಲವು ಗಡ್ಡೆಗಳೊಳಗೆ ಟಿ ಕಣಗಳು ಆಗಲೇ ಸೇರಿಕೊಂಡಿರುತ್ತವೆ; ಬ್ರೇಕು ಸಡಿಲಿಸಿದರೆ ಸಾಕು, ಕೆಲಸಕ್ಕಿಳಿಯುತ್ತವೆ. ಇನ್ನು ಕೆಲವದರ ಸುತ್ತ ನಾರಿನ ಗೋಡೆ ಎದ್ದಿರುತ್ತದೆ. ಲಾಕೌಟ್ ಆದ ಗಿರಣಿಯ ಗೇಟಿನ ಹೊರಗೆ ಕಾರ್ಮಿಕರು ನಿಲ್ಲುವಂತೆ ಟಿ ಕಣಗಳು ಹೊರಗೇ ನಿಲ್ಲುತ್ತವೆ. ಮತ್ತೆ ಕೆಲವಕ್ಕೆ ಅವು ಬಂದೇ ಇರುವುದಿಲ್ಲ. ಇದರ ಮೇಲೆ, ಒಳಗೆ ಅಂಕುಡೊಂಕಾದ ರಕ್ತನಾಳ, ಪ್ರಾಣವಾಯುವಿನ ಕೊರತೆ. ದೇಹವನ್ನು ಕಾಯಬೇಕಾದ ಕೆಲವು ಕಣಗಳೇ ಮಾಲೀಕನ ಪಕ್ಷ ಸೇರಿದವರಂತೆ ಗಡ್ಡೆಯ ಪರವಾಗಿ ನಿಲ್ಲುತ್ತವೆ. ಇಂಥ ಕಡೆ ಬ್ರೇಕು ಬಿಡಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ.

ಆದಕಾರಣ ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟೆ: ಸೈಟು ಮಾರುವ ಮುನ್ನ ವೈದ್ಯರಿಗೆ ಮೂರು ಪ್ರಶ್ನೆ ಕೇಳು. ಗಡ್ಡೆಯ ಚೂರಿನ ಮೇಲೆ ಪಿಡಿ-ಎಲ್1 ಪರೀಕ್ಷೆ ಆಗಿದೆಯೇ? (ಅದು ಪೂರ್ತಿ ಭರವಸೆಯ ಪರೀಕ್ಷೆಯಲ್ಲ, ಆದರೂ ದಾರಿ ತೋರುತ್ತದೆ.) ತಂದೆಯಂಥ ನೂರು ಮಂದಿಯಲ್ಲಿ ಎಷ್ಟು ಜನರಿಗೆ ಗುಣ ಕಂಡಿದೆ? ಕಡಿಮೆ ಪ್ರಮಾಣದ ಔಷಧ ಅವರಿಗೆ ಒಗ್ಗುತ್ತದೆಯೇ?

ಮೂರನೆಯ ಪ್ರಶ್ನೆ ಬಲು ಮುಖ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳಲ್ಲಿ ನಡೆಸಿದ ಪ್ರಯೋಗವನ್ನು 2023ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಅಗ್ಗದ ಮೂರು ಮಾತ್ರೆ ಕೊಟ್ಟು, ಅರ್ಧದಷ್ಟು ಮಂದಿಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬನ್ನೂ ಸೇರಿಸಿದರು. ಇದು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಬರೀ ಮಾತ್ರೆ ನುಂಗಿದವರಲ್ಲಿ ವರ್ಷದ ನಂತರ ಬದುಕುಳಿದವರು ನೂರಕ್ಕೆ 16. ಚುಚ್ಚುಮದ್ದೂ ಸೇರಿದವರಲ್ಲಿ 43. ಇಂಥ ಪ್ರಶ್ನೆಯನ್ನು ಯಾವ ಕಂಪನಿ ತಾನಾಗಿ ಕೇಳೀತು? ಔಷಧ ಕಡಿಮೆ ಮಾರಾಟವಾಗುವುದರಲ್ಲಿ ಅದಕ್ಕೆ ಲಾಭವಿಲ್ಲ. ಕೇಳಿದ್ದು ಸಾರ್ವಜನಿಕ ಆಸ್ಪತ್ರೆ.

ಸರ್ಕಾರವನ್ನು ನಾವು ಆಗ್ರಹಪಡಿಸುತ್ತೇವೆ. ಪಿಡಿ-ಎಲ್1 ಪರೀಕ್ಷೆ ಜಿಲ್ಲಾ ಆಸ್ಪತ್ರೆಯ ಮೂಲಕ ಉಚಿತವಾಗಿ ಆಗಲಿ. ಇಎಸ್ಐ ಕಾರ್ಡಿನವನಿಗೂ, ಆ ಕಾರ್ಡೂ ಇಲ್ಲದ ಸಣ್ಣ ಅಂಗಡಿಯವನಿಗೂ ಕಡಿಮೆ ಪ್ರಮಾಣದ ಈ ಚಿಕಿತ್ಸೆ ಕೈಯಿಂದ ಕಾಸು ಬಿಚ್ಚದೆ ದೊರೆಯಲಿ. ಯಾರ ಗಡ್ಡೆಗೆ ಯಾವುದು ನಾಟುತ್ತದೆಂಬ ಸಂಶೋಧನೆಗೆ ಸಾರ್ವಜನಿಕ ಹಣ ಬರಲಿ.

ವರ್ತಕ ಮಿತ್ರರಿಗೂ ಒಂದು ಮಾತು. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಅದೇ ಸರಕು ಇಂದಿಗೂ ಅಂಗಡಿಯಲ್ಲಿ ತೂಗಾಡುತ್ತಿದೆ. ಅದರಲ್ಲಿ ನಿಮಗುಳಿಯುವುದು ಪುಡಿಗಾಸು. ಕೊಳ್ಳುವ ಗಿರಾಕಿಯ ಮನೆಯವರು ಸೈಟು ಮಾರಬೇಕಾಗುತ್ತದೆ. ಯೋಚಿಸಿ ನೋಡಿ.