ಕೆಮ್ಮಿದವರ ಲೆಕ್ಕ

ಏಕಸ್ವಾಮ್ಯ ಕೊಡಿ, ಹೊಸ ಮದ್ದು ಹುಡುಕ್ತೀವಿ ಅಂತಾವೆ ಔಷಧಿ ಕಂಪನಿಗಳು. 1942ರಲ್ಲಿ ಅರ್ಥಶಾಸ್ತ್ರಜ್ಞ ಶುಂಪೀಟರ್ ಈ ವಾದಕ್ಕೆ ಬಲ ಕೊಟ್ಟ. 1962ರಲ್ಲಿ ಆರೋ ತಿರುಗಿಬಿದ್ದ: ಕೂತಲ್ಲೇ ಲಾಭ ಬರುವವನಿಗೆ ಹೊಸದು ಹುಡುಕುವ ದರ್ದೇನು?

ನಾವು ಕೇಳೋದು ಬೇರೆ. ನಮ್ಮ ಕೇರಿಯ ಕೆಮ್ಮು ನಿಮ್ಮ ಸಂತೇಲಿ ಎಷ್ಟಕ್ಕೆ ಹೋಗುತ್ತೆ?

ಕ್ಷಯಕ್ಕೆ ರಿಫಾಂಪಿಸಿನ್ ಬಂದದ್ದು 1960ರ ದಶಕದಲ್ಲಿ. ಹೊಸ ಬಗೆಯ ಬೆಡಾಕ್ವಿಲಿನ್‌ಗೆ ಅಮೆರಿಕ ಒಪ್ಪಿದ್ದು 2012ರಲ್ಲಿ. ನಡುವೆ ನಲವತ್ತು ವರ್ಷ. ರೋಗಿಗಳಿರಲಿಲ್ಲವೇ? ಇದ್ದರು. ಅವರ ಜೇಬು ಖಾಲಿ ಇತ್ತು, ಅಷ್ಟೆ.

ಆ ಮದ್ದಿನ ಪರೀಕ್ಷೆಗೆ ಸಾರ್ವಜನಿಕರ ದುಡ್ಡೂ ಬಿದ್ದಿತ್ತು. ಆದರೂ ಜಾನ್ಸನ್ ಅಂಡ್ ಜಾನ್ಸನ್ ಭಾರತದಲ್ಲಿ ತನ್ನ ಹಿಡಿತವನ್ನು 2027ರವರೆಗೆ ಎಳೆಯಲು ಹೊರಟಿತು. ಹಳೇ ಕ್ಷಯದ ಔಷಧಿಯಿಂದಲೇ ಕಿವಿ ಕಳಕೊಂಡ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಅಡ್ಡ ನಿಂತರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು.

ಗೆಳೆಯರೇ, ಇದ್ದ ಮದ್ದಿನ ಬೆಲೆ ಇಳಿಸೋಕೆ ಪೈಪೋಟಿ ಬೇಕು. ಇಲ್ಲದ ಮದ್ದು ಹುಡುಕೋಕೆ ಅದೊಂದೇ ಸಾಲದು. ಬಡವರ ರೋಗಕ್ಕೆ ಪೈಪೋಟಿಗಿಳಿಯೋರೇ ಕಮ್ಮಿ. ಅಲ್ಲಿ ಸರ್ಕಾರದ ಪ್ರಯೋಗಶಾಲೆ ದುಡೀಬೇಕು, ಅದರ ಫಲಕ್ಕೆ ಯಾರೂ ಬೇಲಿ ಹಾಕಬಾರದು.

ಕೆಮ್ಮಿದವರು ನಾವು. ಲೆಕ್ಕ ಕೇಳೋರೂ ನಾವೇ.