ಗೇರಿಗೆ ನೀರು, ಮಾಲಕರಿಗೆ ಬೆವರು

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಿರಲಿ, ಮಂಗಳೂರಿರಲಿ, ಬೋಟು ರಿಪೇರಿಗೆ ಇದೇ ಸುಗ್ಗಿ. ಬಣ್ಣ, ಬಲೆಗಳ ಗಡಿಬಿಡಿಯಲ್ಲಿ ಗೇರ್ ಬಾಕ್ಸಿನ ಎಣ್ಣೆಕಡ್ಡಿ ಎತ್ತಿ ನೋಡುವುದನ್ನು ಮರೆಯಬಾರದು.

ಗೇರಿನ ಎಣ್ಣೆ ತಣಿಸಲು ಕೂಲರ್ ಇರುತ್ತದೆ. ಎಷ್ಟೋ ಬೋಟುಗಳಲ್ಲಿ ಅದರೊಳಗೆ ಹರಿಯುವುದು ಸಮುದ್ರದ ನೀರೇ. ಉಪ್ಪು ಅದರ ಕೊಳವೆಯನ್ನು ತಿಂದರೆ ನೀರು ಎಣ್ಣೆಗೆ ಸೇರಿ, ಎಣ್ಣೆ ಹಾಲು ಹಾಕಿದ ಚಾದಂತಾಗುತ್ತದೆ. ಆಗ ಎಣ್ಣೆ ಮಾತ್ರ ಬದಲಿಸಿ 'ಸರಿಯಾಯ್ತು ಬಿಡಿ' ಅಂದರೆ ಸರಿಯಾದದ್ದು ಏನೂ ಇಲ್ಲ. ಮೊದಲು ಕೂಲರಿಗೆ ಒತ್ತಡ ಕೊಟ್ಟು ನೋಡಬೇಕು, ಸೋರಿದರೆ ಬದಲಿಸಬೇಕು. ಆಮೇಲೆ ಹೊಸ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಬಸಿಯಬೇಕು. ಬಿಳಿ ಹೋಗುವ ತನಕ ಹೀಗೆಯೇ. ಕೊನೆಗೆ ಕಂಪೆನಿ ಹೇಳಿದ ಎಣ್ಣೆ, ಕಡ್ಡಿಯ ಗೆರೆಯಷ್ಟೇ. ಹೆಚ್ಚು ಸುರಿದರೂ ನೊರೆಯೆದ್ದು ಬಿಸಿಯೇರುತ್ತದೆ. ನೀರಿನಲ್ಲೇ ಬಹಳ ದಿನ ಓಡಿದ್ದರೆ ಕ್ಲಚ್ ಪ್ಲೇಟು, ಬೇರಿಂಗುಗಳನ್ನೂ ಬಿಚ್ಚಿ ನೋಡಲೇಬೇಕು.

ಇದು ಮಾಲಕರ ತಲೆನೋವು ಮಾತ್ರವಲ್ಲ ಸ್ವಾಮಿ. ಬೋಟು ದಕ್ಕೆಯಲ್ಲೇ ನಿಂತರೆ ಐಸಿನವನಿಂದ ಹಿಡಿದು ಉದ್ದರಿ ಕೊಟ್ಟ ಅಂಗಡಿಯವನ ತನಕ ಎಲ್ಲರಿಗೂ ಹೊಡೆತ. ಅಳಿವೆ ಬಾಗಿಲಲ್ಲಿ, ಅಲೆಯ ನಡುವೆ ಕ್ಲಚ್ಚು ಜಾರಿದರಂತೂ ಇಂಜಿನು ಬೊಬ್ಬೆ ಹಾಕುತ್ತದೆ, ಬೋಟು ಮುಂದೆ ಹೋಗದು. ತಂಡೇಲನ ಕೂಗಿಗೆ ಅಲ್ಲಿಗೆ ಯಾವ ಮೇಸ್ತ್ರಿ ಬರುತ್ತಾನೆ?